ಭದ್ರಮ್ಮನ ಉಪವಾಸದ ಕಾವಲು

ಅರವತ್ತೆರಡಾದರೂ ಭದ್ರಮ್ಮನಿಗೆ "ಯಾಕೆ" ಅನ್ನುವ ಚಟ ಬಿಟ್ಟಿರಲಿಲ್ಲ. ಬೊಮ್ಮನಹಳ್ಳಿಯಲ್ಲಿ ಅವಳ ಮನೆಯವರ ರಾಗಿ ಹೊಲವಿದ್ದ ಕಡೆ ಈಗ ಹದಿನೆಂಟು ಬಾಡಿಗೆ ಕೋಣೆಗಳು. ಯಾವ ಕೋಣೆಯಲ್ಲಿ ಏನು ಸಾರು ಅನ್ನುವುದು ಅವಳ ಮೂಗಿಗೇ ತಿಳಿಯುತ್ತಿತ್ತು. ಏಳನೇ ಕೋಣೆಗೆ ಯಾದಗಿರಿ ಕಡೆಯಿಂದ ಬಂದ ಸಿದ್ದಕ್ಕ, ಎರಡು ವರ್ಷದ ಮಗಳು ಮಹಾನಂದಾಳ ಮುಖಕ್ಕೆ ಸದಾ ಸೆರಗು ಹೊದಿಸುವುದು ಯಾಕೆ ಅಂತ ಸರಿಸಿ ನೋಡಿದವಳೂ ಅವಳೇ. ಮಗುವಿನ ಮೇಲ್ತುಟಿ ಮೂಗಿನವರೆಗೂ ಸೀಳಿತ್ತು.

ಆನೇಕಲ್ ರಸ್ತೆಯ ಆಸ್ಪತ್ರೆಯೊಂದಕ್ಕೆ ಹೊರಗಿನ ಡಾಕ್ಟರುಗಳು ಬಂದು ಇಂಥ ಮಕ್ಕಳಿಗೆ ಐದು ದಿನ ಪುಕ್ಕಟೆ ಆಪರೇಷನ್ ಮಾಡುತ್ತಾರೆಂದು ಗೊತ್ತಾದದ್ದೇ ತಡ, ಭದ್ರಮ್ಮ ತಾಯಿ, ಮಗು ಇಬ್ಬರನ್ನೂ ಆಟೋ ಹತ್ತಿಸಿದಳು. ಹೋದವಳು ಸುಮ್ಮನೆ ಕೂರುವ ಪೈಕಿಯೇ? ಸ್ವಯಂಸೇವಕರ ಪಟ್ಟಿಯಲ್ಲಿ ತನ್ನ ಹೆಸರೂ ಬರೆಸಿದಳು. ಆಪರೇಷನ್ನಿಗೆ ಹೋಗುವ ಮಕ್ಕಳ ಬಾಯಿಗೆ ಬೆಳಗಿನಿಂದ ಏನೂ ಬೀಳದಂತೆ ಕಾಯುವ ಕೆಲಸ ಅವಳ ಪಾಲಿಗೆ ಬಂತು.

ಕಾವಲೆಂದರೆ ಕಾವಲು. ಲಗ್ಗೆರೆಯ ಮುನಿಯಕ್ಕ ಮೊಮ್ಮಗನಿಗೆಂದು ಸೊಂಟದಲ್ಲಿ ಬಚ್ಚಿಟ್ಟ ಬಿಸ್ಕತ್ತನ್ನೂ ಕಿತ್ತುಕೊಂಡು, ವಾರ್ಡಿಗೆಲ್ಲ ಕೇಳುವಂತೆ ಬೈದಿದ್ದಳು.

ಕೊನೆಯ ದಿನ ಬೆಳಿಗ್ಗೆ ಹತ್ತಕ್ಕೆ ಮಹಾನಂದಾಳ ಸರದಿ. ಸಂಜೆ ನಾಲ್ಕಕ್ಕೆ ಥಿಯೇಟರ್ ಮುಚ್ಚಿ ತಂಡ ಹೊರಡುತ್ತದೆ. ಮತ್ತೆ ಯಾವಾಗ ಬರುವುದೋ ಅವರಿಗೇ ಗೊತ್ತಿಲ್ಲ. ಒಂಬತ್ತೂವರೆಗೆ, ನಿದ್ದೆಯ ಮದ್ದು ಕೊಡುವ ಡಾಕ್ಟರ್ ಶ್ರೀಧರ್ ಕಾಫಿ ಕುಡಿಯುತ್ತ ನಿಂತದ್ದು ಭದ್ರಮ್ಮನ ಕಣ್ಣಿಗೆ ಬಿತ್ತು.

"ಡಾಕ್ಟ್ರೇ, ಐದು ದಿನದಿಂದ ಕಾಯ್ತಾ ಇವ್ನಿ. ಒಟ್ಟೆ ಖಾಲಿ ಯಾಕಿರ್ಬೇಕು ಅಂತ ಒಬ್ರೂ ಏಳ್ಲಿಲ್ಲ."

ಅವರಿಗೆ ಪ್ರಶ್ನೆ ಇಷ್ಟವಾಯಿತು. "ನಿದ್ದೆ ಬಂದ್ಮೇಲೆ ಗಂಟಲಿಗೆ ಎಚ್ಚರ ಇರಲ್ಲಮ್ಮ. ಹೊಟ್ಟೇಲಿರೋದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದ್ರೆ ಮಗು ಉಳಿಯೋದೇ ಕಷ್ಟ."

"ಎಷ್ಟು ತಿಂದಿದ್ರೆ?"

"ಒಂದು ತುತ್ತಾದ್ರೂ ಅಪಾಯಾನೇ."

"ಪ್ರಸಾದ?"

"ಅದು ಪ್ರಸಾದ ಅಂತ ಹೊಟ್ಟೆಗೆ ಗೊತ್ತಾಗಲ್ಲಮ್ಮ," ಅಂತ ನಕ್ಕರು ಡಾಕ್ಟರು.

ಭದ್ರಮ್ಮ ತಿರುಗಿ ಮಹಾನಂದಾಳ ಕಡೆ ನೋಡಿದಳು. ಆ ದಿನ ನಸುಕಿನಲ್ಲೇ ಅವಳು ಊರ ದೇವತೆ ಪಿಳೇಕಮ್ಮನಿಗೆ ತಂಬಿಟ್ಟು ಎಡೆಯಿಟ್ಟು, ಆರು ಗಂಟೆಗೆ ವಾರ್ಡಿಗೆ ಬಂದು, ಸಿದ್ದಕ್ಕ ಬಚ್ಚಲಿಗೆ ಹೋಗಿದ್ದಾಗ ಮಗುವಿನ ಬಾಯಿಗೆ ಅದರ ಉಂಡೆ ಇಟ್ಟಿದ್ದಳು. ನಲವತ್ತು ವರ್ಷ ಶನಿವಾರ ಒಪ್ಪತ್ತು ಮಾಡಿದವಳು. ಪ್ರಸಾದದಿಂದ ಉಪವಾಸ ಕೆಡುತ್ತದೆಂದು ಅವಳ ವಂಶದಲ್ಲಿ ಯಾರೂ ಹೇಳಿದ್ದಿಲ್ಲ.

ನೋಡಿದವರು ಯಾರೂ ಇಲ್ಲ. ಹೇಳಿದರೆ ಮಗುವಿನ ಸರದಿ ಹೋಗುತ್ತದೆ, ತನ್ನ ಮಾನವೂ ಹೋಗುತ್ತದೆ. ಬಿಸ್ಕತ್ತಿಗೆ ಅಷ್ಟು ಬೈಸಿಕೊಂಡ ಮುನಿಯಕ್ಕ ಎದುರಿಗೇ ಕೂತಿದ್ದಾಳೆ. ಭದ್ರಮ್ಮನಿಗೆ ಭಯವಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ಆದರೂ ಬಾಯಿ ಬಿಟ್ಟಳು.

"ನಾನೇ ಕೊಟ್ಬಿಟ್ಟೆ ಸಾರ್. ಆರು ಗಂಟೆಗೆ."

ಡಾಕ್ಟರ ನಗು ನಿಂತಿತು. ಆರು ತಾಸು ಕಳೆಯದೆ ಮುಟ್ಟುವಂತಿಲ್ಲ. ಉಳಿದ ನಾಲ್ಕು ಮಕ್ಕಳ ಆಪರೇಷನ್ ಮುಗಿದು ಹೊತ್ತು ಮಿಕ್ಕರೆ ಮಾತ್ರ ನೋಡೋಣ ಅಂದರು.

ವಿಷಯ ತಿಳಿದು ಸಿದ್ದಕ್ಕ ಕೂಗಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮೆಲ್ಲಗೆ ಅಂದಳು: "ನೀರ ಸೈತ ಕೊಡಬ್ಯಾಡ ಅಂದವ್ರು ನೀವ. ಕೂಸು ಅತ್ತೂ ಅತ್ತೂ ಸಾಕಾಗ್ಯದ, ನಾ ಕೊಟ್ಟಿಲ್ಲ." ಆಮೇಲೆ ಮಗುವನ್ನೆತ್ತಿಕೊಂಡು ದೂರದ ಬೆಂಚಿಗೆ ಹೋದಳು.

ಹನ್ನೆರಡಾಯಿತು, ಒಂದಾಯಿತು. ಒಳಗೆ ಮೂರನೇ ಮಗು. ಭದ್ರಮ್ಮ ಬಾಗಿಲನ್ನೇ ನೋಡುತ್ತಿದ್ದಳು. ಎರಡರ ಹೊತ್ತಿಗೆ ಪಕ್ಕದಲ್ಲಿ ಬಂದು ಕೂತವಳು ಸಿದ್ದಕ್ಕ.

"ನೀವ ಹೇಳದಿದ್ರ ಯಾರಿಗೂ ಗೊತ್ತ ಆಗ್ತಿರಲಿಲ್ಲ. ಯಾಕ ಹೇಳಿದ್ರಿ?"

ಊರಿಗೆಲ್ಲ ಪ್ರಶ್ನೆ ಹಾಕಿದವಳು ಈಗ ತಾನೇ ಉತ್ತರ ಹೇಳಬೇಕಾಯಿತು. "ತುಟಿ ಇಂಗೇ ಇದ್ರೂ ಮಗ ಮನೇಗೆ ಬರ್ತದೆ ಕಣಮ್ಮ," ಅಂದಳು ಭದ್ರಮ್ಮ. "ಮಗಾನೇ ಬರದಿದ್ರೆ?" ಅನ್ನುತ್ತ ಅತ್ತುಬಿಟ್ಟಳು.

ಎರಡೂವರೆಗೆ ಬಾಗಿಲು ತೆರೆದು ನರ್ಸು ಕೂಗಿದಳು: "ಮಹಾನಂದಾ! ಇದೇ ಕೊನೇದು, ಬೇಗ ಬನ್ನಿ. ಒಳಬಾಗಿಲವರೆಗೂ ಒಬ್ರೇ ಎತ್ಕೊಂಡು ಬರ್ಬೇಕು."

ಸಿದ್ದಕ್ಕ ಎದ್ದು ನಿಂತು, ಮಗುವಿನ ಮುಖದ ಮೇಲಿನ ಸೆರಗು ಸರಿಸಿ, ಮಗುವನ್ನು ಭದ್ರಮ್ಮನ ತೋಳಿಗೆ ಕೊಟ್ಟಳು.