ಮೇಲಿನ ಮೆಟ್ಟಿಲು

ಮೋಟಾರು ನಿಂತರೂ ಕಿವಿಯೊಳಗೆ ಗುಂಯ್ ಅನ್ನೋದು ನಿಲ್ಲಲ್ಲ, ಬೆಳಗ್ಗೆಯಿಂದ ನೂರೈವತ್ತು ಕಾಲರು ಹೊಲಿದ ಕಿವಿ, ಅದಕ್ಕೂ ಸುಸ್ತಾಗುತ್ತೆ ಪಾಪ, ಊಟದ ಡಬ್ಬಿ ತೊಳೆದಿಟ್ಟು ಎಲ್ಲರೂ ಹಿಂದಿನ ಮೆಟ್ಟಿಲ ಕಡೆ ಹೊರಟರು, ಚಪ್ಪಲಿ ಸದ್ದಿನಲ್ಲೇ ಯಾರು ಅಂತ ಹೇಳಿಬಿಡ್ತೀನಿ — ಕಾಲೆಳೆದು ನಡೆಯೋಳು ದೊಡ್ಡಕ್ಕ, ಬಟ್ಟೆ ಕತ್ತರಿಸೋಳು, ಈ ಹೊಲಿಗೆ ಕೋಣೆಗೆಲ್ಲ ಹಿರಿಯಳು, ಪಟಪಟ ಅನ್ನೋಳು ಗುಂಡಿ ಹಾಕೋ ಬಾಯಿಬಡುಕಿ, ಅವಳ ಚಪ್ಪಲಿಗೂ ಬಾಯಿದೆ — ಒಬ್ಬಳ ಕೆಳಗೊಬ್ಬಳು ಕೂತು, ಮೇಲಿನವಳು ಕೆಳಗಿನವಳ ತಲೆ ಬಾಚೋದು, ಮಧ್ಯಾಹ್ನದ ಅರ್ಧ ಗಂಟೆ, ನಮ್ಮಮ್ಮ ನಮ್ಮಜ್ಜಿ ಮಾಡಿದ್ದೇ, ಹೊಸದೇನಲ್ಲ, ಅವರು ಹೇನು ಹೆಕ್ಕುತ್ತಾ ಊರ ಸುದ್ದಿ ಮಾತಾಡಿದರು, ನಾವು ಮನೇಲಿ ತಿಂದ ಏಟಿನ ಸುದ್ದಿ ಮಾತಾಡ್ತೀವಿ, ಏಳು ಜನರೂ ತಿಂದವರೇ, ಮುಖ ನೋಡ್ಕೊಂಡು ಹೇಳೋಕಾಗದ್ದು ಬೆನ್ನು ಕೊಟ್ಟು ಕೂತರೆ ತಾನಾಗೇ ಬರುತ್ತೆ ಕಣೇ ಅಂತಾಳೆ ದೊಡ್ಡಕ್ಕ, ಬರುತ್ತೆ, ನಿಜ, ಒಂದ್ಸಲ ಸರ್ವೆ ಫಾರಂ ಹಿಡ್ಕೊಂಡು ಬಂದಿದ್ದ ಮೇಡಂ ನಿಮ್ಮ ದುಃಖಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡ್ತೀರಿ ಅಂದಿದ್ದಳು, ಹೇಗಾದ್ರೂ ಪಾಸ್ ಮಾಡ್ಬಿಡಿ ಮೇಡಂ ಅಂದೆ, ದೊಡ್ಡಕ್ಕ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ನನ್ನದು ಎಲ್ಲಕ್ಕಿಂತ ಮೇಲಿನ ಮೆಟ್ಟಿಲು, ಮೂರು ವರ್ಷದಿಂದ, ಬೆನ್ನಿಗೆ ಬೀಗ ಹಾಕಿದ ಉಗ್ರಾಣದ ಬಾಗಿಲು, ಹಿಂದೆ ಯಾರೂ ಇಲ್ಲ, ಯಾರೂ ಬರೋಕಾಗಲ್ಲ, ಬಾಯಿಬಡುಕಿಗೆ ನಾನು ಬಾಚ್ತೀನಿ, ನನಗೆ ಯಾರೂ ಬಾಚಲ್ಲ, ಎಲ್ಲ ಹೇಳಿಕೊಂಡಿದ್ದೀನಿ, ಗಂಡ ಅನ್ನೋನು ನನ್ನ ಜಡೆಯನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿ ಎಳೀತಿದ್ದದ್ದು, ಅಡುಗೆಮನೆಯಿಂದ ನಡುಮನೆವರೆಗೆ, ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತೆ, ಹೇಳಿದವನ ಬಾಯಿಗೆ ಮಣ್ಣು ಹಾಕ, ನಮ್ಮನೇಲಿ ಉಂಡ ಮೇಲೇ ಶುರುವಾಗ್ತಿತ್ತು — ಹೇಳಿದ್ದೀನಿ, ಅತ್ತಿದ್ದೀನಿ, ನಗಿಸಿದ್ದೀನಿ, ತಲೆ ಮಾತ್ರ ಕೊಟ್ಟಿಲ್ಲ, ಒಂದು ಮೆಟ್ಟಿಲು ಇಳಿದು ಬಾರೇ ನಿನ್ನ ಗಂಟೇನು ಹೋಗುತ್ತೆ ಅಂತ ದೊಡ್ಡಕ್ಕ, ಒಮ್ಮೆ ಇಳಿದೆ, ಅವಳೇ ಹತ್ತಿ ಬಂದು ನನ್ನ ಹಿಂದೆ ಕೂತಳು, ಅವಳ ಬೆರಳು ತಗುಲಿದ್ದೇ ತಡ ಓಡಿಹೋಗಿ ಬಚ್ಚಲಲ್ಲಿ ವಾಂತಿ, ಆಮೇಲೆ ಯಾವಾಗ ಕರೆದರೂ ನಾಳೆ ಅಂತೀನಿ, ನಾಳೆ ನಾಳೆ ಅಂತ ಮೂರು ವರ್ಷ, ಇರಲಿ ಬಿಡು ಅಂತಿದ್ದೆ, ಹೋದ ಭಾನುವಾರದ ತನಕ, ಮಗಳು ಹಿಂದಿಂದ ಬಂದು ಅಮ್ಮಾ ನಿಂಗೆ ಜಡೆ ಹಾಕ್ತೀನಿ ಅಂತ ಕೂದಲಿಗೆ ಕೈ ಹಾಕಿದಳು, ಛಟೀರ್ ಅಂತ ಹೊಡೆದುಬಿಟ್ಟೆ, ಆರು ವರ್ಷದ ಕೂಸು, ಅಳಲಿಲ್ಲ, ಸುಮ್ಮನೆ ಹೋಗಿ ಮೂಲೇಲಿ ನಿಂತಳು, ನನ್ನ ಕೈ ನಾನೇ ನೋಡ್ಕೊಂಡೆ, ಇದು ಯಾರ ಕೈ, ಅವನದಾ, ಹೀಗೇ ಬಿಟ್ಟರೆ ಮಗಳೂ ನನ್ನ ಹತ್ತಿರ ಬರೋದು ಬಿಡ್ತಾಳೆ. ಇವತ್ತಿನವರೆಗೂ ಕೇಳಿಲ್ಲ ಅವಳು, ಜಡೆ ಹಾಕ್ತೀನಿ ಅಂತ.

ಯಾರಿವಳು ಮೇಲೆ ಬರ್ತಿರೋಳು, ಹೊಸಬಳು, ನಾಲ್ಕು ದಿನವಾಯ್ತು ಸೇರಿ, ದಿನಾ ಗೋಡೆಗೊರಗಿ ನಿಂತೇ ಊಟ ಮಾಡ್ತಾಳೆ, ಕೆಳಗೇ ಜಾಗ ಇದೆ ಬಾಮ್ಮಾ ಅಂತ ದೊಡ್ಡಕ್ಕ ಕರೆದರೂ ಕೇಳದೆ ಎಲ್ಲರನ್ನೂ ದಾಟಿ ಹತ್ತಿ ಬಂದು ನಿಂತಿದ್ದಾಳೆ, ಕಣ್ಣು ನನ್ನ ಮೇಲಲ್ಲ, ನನ್ನ ಹಿಂದಿನ ಬಾಗಿಲ ಮೇಲೆ, ಅಯ್ಯೋ ಇವಳಿಗೂ ಇದೇ ಜಾಗ ಬೇಕು, ಹೋಗೇ, ಇದು ನಂದು, ಬೇರೆ ಮೆಟ್ಟಿಲೇ ಇಲ್ವಾ ಲೋಕದಲ್ಲಿ, ಕೋಪ ಬಂತು, ಬಂದೇಬಂತು, ತಲೆಯ ಪಿನ್ನು ಸರಿಮಾಡೋಕೆ ಕೈಯೆತ್ತಿದೆ ಅಷ್ಟೇ — ಅವಳು ಗಲ್ಲ ಎದೆಗೊತ್ತಿ, ಎಡ ಭುಜ ಕಿವಿತನಕ ಎತ್ತಿ, ಕಣ್ಣು ಮುಚ್ಚಿಕೊಂಡಳು, ಏಟು ಬೀಳೋದನ್ನ ಕಾಯ್ತಾ, ನನ್ನ ಕೈ ಗಾಳಿಯಲ್ಲೇ ಉಳಿಯಿತು, ಅಮ್ಮಾ ತಾಯಿ ನಾನು ಹೊಡೆಯೋಳಲ್ಲ ಕಣೇ ಅನ್ನೋಣ ಅಂದರೆ, ಭಾನುವಾರ ಹೊಡೆದಿದ್ದೀನಲ್ಲ — ಎದ್ದೆ, ಕೂತ್ಕೋ ಇಲ್ಲಿ ಅಂದೆ, ಹಿಂದೆ ಯಾರೂ ಬರಲ್ಲ, ಬೀಗ ಹಾಕಿದೆ, ಮುಟ್ಟಿ ನೋಡು, ಅವಳು ನಿಜವಾಗಿ ಬೀಗ ಎಳೆದು ನೋಡಿ ಆಮೇಲೆ ಕೂತಳು, ಏ ಸರಿಯಿರೇ ಎಲ್ಲರೂ ಒಂದೊಂದು ಮೆಟ್ಟಿಲು ಕೆಳಗೆ ಅಂದು ನಾನು ಅವಳ ಕೆಳಗಿನ ಮೆಟ್ಟಿಲಲ್ಲಿ ಕೂತೆ, ಬಾಯಿಬಡುಕಿ ಬಾಯಿಗೆ ಬೀಗ ಬಿದ್ದ ಮೊದಲ ದಿನ ಇದು, ಕೆಳಗಿನ ಮೆಟ್ಟಿಲಲ್ಲಿದ್ದ ದೊಡ್ಡಕ್ಕ ಈಗ ನೆಲಕ್ಕೆ, ಒಂದ್ಸಲ ತಿರುಗಿ ನನ್ನ ನೋಡಿ ತಟಕ್ಕನೆ ಮುಖ ಆಚೆ ಮಾಡಿದಳು, ಒಳ್ಳೇದಾಯ್ತು, ನೋಡಬೇಡ, ನೋಡಿದರೆ ಓಡಿಬಿಡ್ತೀನಿ, ಪಿನ್ನು ನಾನೇ ತೆಗೆದೆ, ಬಾಚಣಿಗೆ ಭುಜದ ಮೇಲಿಂದ ಹಿಂದಕ್ಕೆ ಚಾಚಿದೆ, ತಗೊಳ್ಳೇ, ತಲೆ ಕಚ್ಚಲ್ಲ, ಎಷ್ಟೋ ಹೊತ್ತು ತಗೊಳ್ಳಲಿಲ್ಲ, ತಗೊಂಡಳು, ಬೆರಳು ತಗುಲಿತು, ಬಚ್ಚಲು ಎಷ್ಟು ದೂರ ಅಂತ ನೋಡ್ಕೊಂಡೆ, ಏಳು ಏಳು ಅಂತಿವೆ ಕಾಲು, ಮೆಟ್ಟಿಲಂಚು ಹಿಡ್ಕೊಂಡೆ, ಉಗುರು ಬೆಳ್ಳಗಾದವು, ಅವನ ಕೈ ಬಿಸಿ, ಇದು ತಣ್ಣಗೆ, ಅವನದು ಭಾರ, ಇದು ನಡುಗ್ತಿದೆ, ಅಯ್ಯೋ ನನಗಿಂತ ಜಾಸ್ತಿ ನಡುಗ್ತಿದೆ, ಕತ್ತಿನ ಹತ್ತಿರ ಗಂಟಿಗೆ ಬಾಚಣಿಗೆ ಸಿಕ್ಕಿಕೊಂಡು ಚುರುಕ್ ಅಂತ ಎಳೀತು, ಬಂತು, ಬಿತ್ತು ಈಗ ಏಟು, ಕತ್ತು ಬಿಗಿದೆ, ಬೀಳಲಿಲ್ಲ, ಕೈ ಅಲ್ಲೇ ನಿಂತಿತು, ನೋವಾಯ್ತಾ ಅಕ್ಕ — ಏನಂದಳು — ನೋವಾಯ್ತಾ — ಕೂದಲೊಳಗೊಂದು ಕೈ, ನೋವಾಯ್ತಾ ಅಂತ ಕೇಳಿ, ನಾನು ಏನಂತೀನೋ ಅಂತ ಕಾಯ್ತಾ, ಅಲ್ಲಾಡದೆ ನಿಂತಿರೋ ಕೈ