ಗಾಜು ಕಿತ್ತ ಕೈ

ಅವಳು ಬಸ್ ಕಂಡಕ್ಟರ್. ಪ್ರಥಮ ಚಿಕಿತ್ಸೆಯ ತರಬೇತಿಗೆ ಡಿಪೋದಿಂದ ಒಬ್ಬರು ಹೋಗಬೇಕು ಎಂದಾಗ, ರಜೆ ಹಾಳಾಗುತ್ತದೆಂದು ಯಾರೂ ಮುಂದೆ ಬರಲಿಲ್ಲ. ಕೊನೆಗೆ ಅದು ಇವಳ ತಲೆಯ ಮೇಲೆ ಬಿತ್ತು. ಎರಡು ದಿನ ಕಲಿತು ಬಂದು ಮನೆಯಲ್ಲಿ ದಿಂಬೊಂದನ್ನು ನೆಲಕ್ಕೆ ಹಾಕಿ, ಎದೆ ಒತ್ತುವುದು ಹೇಗೆಂದು ತೋರಿಸಿದಳು. ಮೈದುನ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಅತ್ತಿಗೆ, ದಿಂಬು ಉಳಿಯುತ್ತಾ? ಇಲ್ಲಾ ನೆಂಟರಿಗೆಲ್ಲ ಹೇಳಿ ಕಳಿಸ್ಲಾ?"

ಅತ್ತೆಯೂ ಬಾಯ್ತುಂಬ ನಕ್ಕರು. ಮನೆಯಲ್ಲಿ ಆಗ ಎಲ್ಲರೂ ನಗುತ್ತಿದ್ದರು.

ಅವಳ ಗಂಡ ಮತ್ತು ಮೈದುನ ಸೇರಿ ಗಾಜಿನ ಅಂಗಡಿ ನಡೆಸುತ್ತಿದ್ದರು. ಕಿಟಕಿಗೆ, ಕಪಾಟಿಗೆ, ಶೋಕೇಸಿಗೆ ಕೇಳಿದ ಅಳತೆಗೆ ಗಾಜು ಕತ್ತರಿಸಿ ಕೊಡುವ ಕೆಲಸ. ಅಪ್ಪ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ. ಅಂದಿನಿಂದ ಅವನನ್ನು ಸಾಕಿದ್ದು ಅಣ್ಣನೇ. "ನನ್ನ ದೊಡ್ಡವನು ಚಿಕ್ಕವನಿಗೆ ಅಪ್ಪನೂ ಹೌದು," ಎಂದು ಅತ್ತೆ ಕಂಡಕಂಡವರಿಗೆಲ್ಲ ಹೇಳುತ್ತಿದ್ದರು.

ತರಬೇತಿಯಾಗಿ ಮೂರು ತಿಂಗಳಾಗಿರಬೇಕು. ಅವಳಿಗೆ ಅವತ್ತು ರಜೆ. ಮಧ್ಯಾಹ್ನ ಊಟ ಕೊಡಲು ಅಂಗಡಿಗೆ ಬಂದಾಗ ಅಣ್ಣತಮ್ಮ ಇಬ್ಬರೂ ಆಳೆತ್ತರದ ಗಾಜೊಂದನ್ನು ಎತ್ತಿ ಮೇಜಿನತ್ತ ಸಾಗಿಸುತ್ತಿದ್ದರು. ಗಾಜಿನ ಅಂಚು ಮೇಜಿನ ಮೂಲೆಗೆ ಇಷ್ಟೇ ಇಷ್ಟು ತಗುಲಿತು. ಅಷ್ಟಕ್ಕೇ ಅದು ಅಡ್ಡಡ್ಡ ಸೀಳಿತು. ಮೈದುನ ಹಿಂದಕ್ಕೆ ಜಿಗಿಯುವಷ್ಟರಲ್ಲಿ ಅಂಗೈಯಗಲದ ಚೂರೊಂದು ಅವನ ತೊಡೆಯೊಳಗೆ ಇಳಿದಿತ್ತು.

ಅವನು ಕುಸಿದು ಕೂತ. ರಕ್ತ ಅಷ್ಟೇನೂ ಬರುತ್ತಿರಲಿಲ್ಲ. ಗಾಯದ ಬಾಯಿಗೆ ಆ ಚೂರೇ ಬಿರಡೆಯ ಹಾಗೆ ಕೂತಿತ್ತು. ಮೈಯೊಳಗೆ ಹೊಕ್ಕಿದ್ದನ್ನು ಕೀಳಬಾರದು, ಅಲುಗದಂತೆ ಸುತ್ತ ಬಟ್ಟೆಯಿಟ್ಟು ಆಸ್ಪತ್ರೆಗೆ ಒಯ್ಯಬೇಕು ಎಂದು ಅವಳು ಕಲಿತಿದ್ದಳು.

"ಕೀಳ್ಬೇಡಿ! ರೀ, ಕೀಳ್..."

ಗಂಡ ಆಗಲೇ ಎರಡೂ ಕೈಯಲ್ಲಿ ಹಿಡಿದು ಎಳೆದುಬಿಟ್ಟಿದ್ದ.

ರಕ್ತ ಚಿಮ್ಮಿತು. ಎದೆಬಡಿತದ ಲಯಕ್ಕೆ ಸರಿಯಾಗಿ, ಬಿಟ್ಟು ಬಿಟ್ಟು ಚಿಮ್ಮಿತು. ಅವಳು ಊಟದ ಚೀಲವನ್ನು ಎಸೆದು ಮಂಡಿಯೂರಿ, ಮೇಜಿನ ಮೇಲಿದ್ದ ಬಟ್ಟೆಗಳನ್ನೆಲ್ಲ ಬಾಚಿ ಗಾಯದೊಳಕ್ಕೆ ತುರುಕಿ ಮೈಭಾರವೆಲ್ಲ ಬಿಟ್ಟು ಒತ್ತಿದಳು. ಬೆರಳ ಸಂದಿಯಲ್ಲಿ ಬಿಸಿಬಿಸಿಯಾಗಿ ಹರಿಯುವುದು ನಿಲ್ಲಲಿಲ್ಲ.

"ರೀ, ಆಂಬುಲೆನ್ಸಿಗೆ ಫೋನ್ ಮಾಡ್ರಿ!"

ಗಂಡ ಚೂರನ್ನು ಹಿಡಿದು ನಿಂತೇ ಇದ್ದ. ಅವನ ಅಂಗೈಯೂ ಕುಯ್ದು ತೊಟ್ಟಿಕ್ಕುತ್ತಿತ್ತು. ಅವನಿಗೆ ಮಾತು ಕೇಳಿಸುತ್ತಿರಲಿಲ್ಲ. ಫೋನ್ ಮಾಡಿದ್ದು ಓಡಿ ಬಂದ ಪಕ್ಕದಂಗಡಿಯ ದರ್ಜಿ.

"ಅಗಲವಾದ ಪಟ್ಟಿ ಬೇಕು. ಹರಿಯದೇ ಇರೋ ಅಂಥದ್ದು," ಎಂದಳು ಅವನಿಗೆ. ದರ್ಜಿ ದಪ್ಪ ಬಟ್ಟೆಯ ಪಟ್ಟಿ ತಂದ. ಗಾಯದಿಂದ ನಾಲ್ಕು ಬೆರಳು ಮೇಲಕ್ಕೆ ತೊಡೆಗೆ ಸುತ್ತಿಸಿ, ಗಂಟಿನೊಳಗೆ ಸ್ಕ್ರೂಡ್ರೈವರ್ ಸಿಕ್ಕಿಸಿ ತಿರುಗಿಸಿದಳು. ಮೈದುನ ಕಿರುಚಿದ.

"ಅತ್ತಿಗೆ, ಬಿಡಿ, ಕಾಲು ಕಿತ್ತು ಹೋಗುತ್ತೆ! ದಮ್ಮಯ್ಯ, ಬಿಡಿ!"

ಅವಳು ಇನ್ನೊಂದು ಸುತ್ತು ತಿರುಗಿಸಿದಳು. ರಕ್ತ ನಿಂತಿತು.

"ಟೈಮ್ ಎಷ್ಟು? ಇವನ ಪ್ಯಾಂಟಿನ ಮೇಲೆ ಬರೀರಿ. ಪಟ್ಟಿ ಕಟ್ಟಿದ್ದು ಯಾವಾಗ ಅಂತ ಡಾಕ್ಟರಿಗೆ ಗೊತ್ತಾಗ್ಬೇಕು."

ದರ್ಜಿ ತನ್ನ ಸೀಮೆಸುಣ್ಣದಲ್ಲಿ ಬರೆದ: ಒಂದು ಇಪ್ಪತ್ತು.

ಅಷ್ಟರಲ್ಲಿ ಬಾಗಿಲ ತುಂಬ ಜನ. ನೀರು ಕುಡಿಸಿ ಎಂದ ಒಬ್ಬ. ಗಾಯಕ್ಕೆ ಕಾಫಿಪುಡಿ ಒತ್ತಿ ಎಂದಳು ಒಬ್ಬಳು. ಕಾಲು ನೀಲಿಯಾಗ್ತಿದೆ, ಪಟ್ಟಿ ಸಡಿಲ ಮಾಡಿ ಎಂದು ಮತ್ತೊಬ್ಬ ಕೈ ಹಾಕಲು ಬಂದ. ತುಂಬಿದ ಬಸ್ಸಿನಲ್ಲಿ ಕೂಗುವ ದನಿಯಲ್ಲಿ ಅವಳು ಕೂಗಿದಳು: "ಯಾರೂ ಮುಟ್ಟಬೇಡಿ! ಹೊರಗೆ ನಡೀರಿ, ಗಾಳಿ ಬಿಡಿ!" ಜನ ಸರಿದರು.

ಆಂಬುಲೆನ್ಸ್ ಬರಲು ಇಪ್ಪತ್ತೈದು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮೈದುನನ ಮುಖ ಸುಣ್ಣದ ಗೋಡೆಯಂತಿತ್ತು. ಅವನು ಕಣ್ಣು ಮುಚ್ಚಿದಾಗಲೆಲ್ಲ ಅವಳು ಏನೋ ಒಂದು ಕೇಳಿ ಮಾತಾಡಿಸುತ್ತಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ಕೇಳಿದರು: "ಗಾಜು ಒಳಗೇ ಇತ್ತಾ?"

ಅವಳು ಗಂಡನತ್ತ ತಿರುಗಿದಳು. ಅವನು ನೆಲ ನೋಡುತ್ತಿದ್ದ.

"ಬಂದ್ಬಿಟ್ಟಿತ್ತು ಸರ್," ಎಂದಳು. 'ತೆಗೆದ್ರು' ಅನ್ನಬೇಕಾದಲ್ಲಿ 'ಬಂದ್ಬಿಟ್ಟಿತ್ತು' ಎಂದಿದ್ದಳು. ಗಂಡನಿಗೂ ಅದು ಕೇಳಿಸಿತು.

ಮೈದುನ ಉಳಿದ. ಆದರೆ ಆ ಕಾಲಿನ ಪಾದ ಮೇಲೇಳಲಿಲ್ಲ. ಎರಡು ದಿನ ಕಳೆದರೂ ಹೆಬ್ಬೆರಳು ಅಲ್ಲಾಡಲಿಲ್ಲ. ಅತ್ತೆಗೆ ಯಾರೋ ಪಟ್ಟಿಯ ಸುದ್ದಿ ಮುಟ್ಟಿಸಿದ್ದರು.

"ಹುಡುಗ ಬೇಡಬೇಡ ಅಂತ ಬಾಯಿಬಡ್ಕೊಂಡ್ರೂ ಹಂಗೆ ಹಿಂಡಿದ್ರೆ ಕಾಲು ಸಾಯದೇ ಇರುತ್ತಾ? ಎರಡು ದಿನ ಕಲ್ತು ಬಂದು ದೊಡ್ಡ ಡಾಕ್ಟ್ರಾಗಿಬಿಟ್ಳು!"

ನೋಡಲು ಬಂದವರಿಗೆಲ್ಲ ಇದೇ ಮಾತು. ಪ್ರತಿಸಲವೂ ಗಂಡ ಅದೇ ಕೋಣೆಯಲ್ಲಿರುತ್ತಿದ್ದ. ಅಂಗೈಗೆ ಕಟ್ಟಿದ ಬ್ಯಾಂಡೇಜ್ ನೋಡಿಕೊಳ್ಳುತ್ತ ತುಟಿಪಿಟಕ್ಕೆನ್ನದೆ ಕೂರುತ್ತಿದ್ದ.

ಅವಳಿಗೂ ಅನುಮಾನ ಹತ್ತಿತು. ಡಾಕ್ಟರನ್ನೇ ಕೇಳಿದಳು: "ಸರ್, ನಾನು ಕಟ್ಟಿದ್ದಕ್ಕೇ ಹೀಗಾಯ್ತಾ?"

"ರಕ್ತನಾಳ ತುಂಡಾಗಿತ್ತಮ್ಮ. ನರಗಳಿಗೆ ತುಂಬ ಹೊತ್ತು ರಕ್ತ ಸಿಕ್ಕಿಲ್ಲ. ಅದರಲ್ಲಿ ಪಟ್ಟಿಯ ಪಾಲೂ ಒಂದಿಷ್ಟು ಇರಬಹುದು, ಸುಳ್ಳು ಹೇಳಲ್ಲ. ಆದರೆ ನೀವು ಕಟ್ಟದೆ ಇದ್ದಿದ್ರೆ ಪಾದದ ವಿಷಯ ಮಾತಾಡೋಕೆ ಇವತ್ತು ಅವನೇ ಇರ್ತಿರಲಿಲ್ಲ."

ಅತ್ತೆಗೆ ಅದನ್ನೇ ಹೇಳಿದಳು. "ನಿನ್ನ ಮುಖ ನೋಡಿ ಹಂಗಂದಿರ್ತಾರೆ," ಎಂದರು ಅತ್ತೆ.

ಒಂಬತ್ತನೆಯ ದಿನ ಡ್ಯೂಟಿ ಮುಗಿಸಿ ಆಸ್ಪತ್ರೆಗೆ ಬಂದವಳು ಗಂಡನನ್ನು ಮೆಟ್ಟಿಲ ಬಳಿ ನಿಲ್ಲಿಸಿದಳು.

"ಇನ್ನೂ ಎಷ್ಟು ದಿನ ನಾನು ಬೈಸ್ಕೋಬೇಕು?"

"ಅಮ್ಮ ಏನೋ ಸಂಕಟಕ್ಕೆ ಅಂತಾಳೆ. ಬಿಡು."

"ಗಾಜು ಕಿತ್ತಿದ್ದು ಯಾರು ಅಂತ ಅವರಿಗೆ ಗೊತ್ತಾ?"

ಅವನ ಮುಖ ಬಿಳಿಚಿತು. "ತಮ್ಮನ ಕಾಲಲ್ಲಿ ಗಾಜು ಇತ್ತು ಕಣೇ. ನೋಡ್ಕೊಂಡು ಹೆಂಗೆ ಸುಮ್ನಿರ್ಲಿ?"

"ಅದಕ್ಕೆ ನಾನೇನಾದ್ರೂ ಅಂದ್ನಾ? ಆ ತರಬೇತಿಗೆ ಹೋಗದೆ ಇದ್ದಿದ್ರೆ ನಾನೂ ಕೀಳ್ತಿದ್ದೆ. ಯಾರಿದ್ರೂ ಕೀಳ್ತಿದ್ರು. ಆದ್ರೆ ಇಷ್ಟು ದಿನ ಪಕ್ಕದಲ್ಲೇ ಕೂತು ಕೇಳಿಸ್ಕೊಂಡ್ರಲ್ಲ, ಅದು ಯಾರಿದ್ರೂ ಮಾಡೋ ಕೆಲಸ ಅಲ್ಲ."

ಅವನು ಮೆಟ್ಟಿಲ ಕಂಬಿಗೆ ಹಣೆ ಆನಿಸಿ ಅತ್ತ. ಅವಳು ಸಮಾಧಾನ ಮಾಡಲಿಲ್ಲ. ಸ್ವಲ್ಪ ಹೊತ್ತಿಗೆ ಅವನೇ ಕಣ್ಣೊರೆಸಿಕೊಂಡು ಒಳಗೆ ಹೋದ. ಹಿಂದೆಯೇ ಅವಳೂ ಹೋದಳು.

"ಅಮ್ಮ, ಇವಳು ಬೇಡ ಬೇಡ ಅಂತ ಕೂಗ್ತಿದ್ಲು. ಆದ್ರೂ ಗಾಜು ಕಿತ್ತಿದ್ದು ನಾನು. ರಕ್ತ ಹಂಗೆ ಹೋಗಿದ್ದು ಅದಕ್ಕೆ. ಇವಳು ಕಟ್ಟಿದ್ದಕ್ಕೆ ಇವನು ಉಳ್ಕೊಂಡ."

ಅತ್ತೆ ಏನೂ ಅನ್ನುವ ಮೊದಲೇ ಮೈದುನ ಮೆಲ್ಲಗೆ ಹೇಳಿದ: "ಗೊತ್ತು ಕಣೋ ಅಣ್ಣ. ಕಣ್ಣಾರೆ ನೋಡಿದ್ನಲ್ಲ."

ಅವಳಿಗೆ ಕೆನ್ನೆಗೆ ಹೊಡೆದ ಹಾಗಾಯಿತು. "ನಿನಗೂ ಗೊತ್ತಿತ್ತಾ? ಅತ್ತೆ ಅಷ್ಟೆಲ್ಲ ಅಂದಾಗಲೂ?"

"ಅಣ್ಣನ್ನ ಹೆಂಗೆ ಬಿಟ್ಕೊಡ್ಲಿ ಅತ್ತಿಗೆ?"

ಅವಳನ್ನು ಬಿಟ್ಟುಕೊಡುವುದು ಸುಲಭವಿತ್ತು. ಅದನ್ನು ಅವನು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ.

ಅತ್ತೆ ಎದ್ದು ದೊಡ್ಡ ಮಗನ ಬಳಿ ಹೋಗಿ ಅವನ ಬ್ಯಾಂಡೇಜಿನ ಕೈ ಹಿಡಿದರು. "ನಿನ್ನ ಕೈಯೂ ಕುಯ್ದುಹೋಗಿತ್ತಲ್ಲಪ್ಪಾ," ಎಂದು ಅತ್ತರು. ಸೊಸೆಯ ಕಡೆ ತಿರುಗಲಿಲ್ಲ.

ತಿಂಗಳ ಮೇಲೆ ಮೈದುನ ಮನೆಗೆ ಬಂದ. ಪಾದಕ್ಕೆ ಆಸರೆಪಟ್ಟಿ ಹಾಕಿಕೊಂಡು, ಕೋಲು ಹಿಡಿದು ನಡೆಯುತ್ತಾನೆ. ಹೆಬ್ಬೆರಳು ತುಸು ಅಲುಗುತ್ತದೆ. ಪೂರ್ತಿ ಸರಿಹೋಗುವುದೋ ಇಲ್ಲವೋ ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರ್. ಗಂಡ ಅಂಗಡಿಗೆ ದಪ್ಪ ಕೈಗವಸು, ಗಾಯದ ಪಟ್ಟಿಗಳು ಎಲ್ಲ ತಂದಿಟ್ಟ. ಅವಳಿಗೆ ಅದನ್ನು ತೋರಿಸಿ ಮುಖ ನೋಡಿದ. "ಒಳ್ಳೇದಾಯ್ತು," ಎಂದಳು, ಅಷ್ಟೇ.

ಒಂದು ಬೆಳಿಗ್ಗೆ ಅವಳು ಡ್ಯೂಟಿಗೆ ಹೊರಡುವಾಗ ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದರು. ತಲೆ ಎತ್ತದೆ ಹೇಳಿದರು: "ಅವತ್ತು ನಾನು ಏನೇನೋ ಅಂದೆ. ಮನಸ್ಸಲ್ಲಿ ಇಟ್ಕೋಬೇಡಮ್ಮ."

"ಇಟ್ಕೊಂಡಿದ್ದೀನಿ ಅತ್ತೆ," ಎಂದಳು ಅವಳು. "ಅದು ಮನಸ್ಸಿಂದ ಹೋಗೋಕೆ ಇನ್ನೂ ಸ್ವಲ್ಪ ದಿನ ಬೇಕು."

ಅತ್ತೆ ಹೆಚ್ಚಿದ ಈರುಳ್ಳಿಯನ್ನು ಪಾತ್ರೆಗೆ ಸುರಿದರು. "ಹೂಂ," ಎಂದರು. ಅವಳು ಚಪ್ಪಲಿ ಮೆಟ್ಟಿಕೊಂಡು ಬಾಗಿಲು ಮುಂದೆ ಮಾಡಿ ಹೊರಟಳು.