ಒಂದೂವರೆ ಗಂಟೆಯ ಕಣ್ಣು

"ಯಾವ ಸೂಳೆಮಗನೋ ಕಡ್ಡಿ ಗೀರಿದ್ದು? ಮುಂದೆ ಬಾರೋ!"

ಧಣಿ ಬದುವಿನ ಮೇಲೆ ನಿಂತು ಅರಚುತ್ತಿದ್ದ. ನಾವು ಹದಿನಾಲ್ಕು ಜನ ಕೆಳಗೆ, ಇನ್ನೂ ಹೊಗೆಯಾಡುತ್ತಿದ್ದ ಕೂಳೆಯ ನಡುವೆ, ಮೈಯೆಲ್ಲ ಮಸಿ ಮಾಡಿಕೊಂಡು ನಿಂತಿದ್ದೆವು. ಭತ್ತ ಕೊಯ್ದ ಮೇಲೆ ನೆಲದಲ್ಲಿ ಉಳಿಯುತ್ತದಲ್ಲ ಮೊಳದುದ್ದದ ಬುಡ, ಅದೇ ಕೂಳೆ. ಅದಕ್ಕೆ ಬೆಂಕಿ ಹಾಕಿ ಅಂತ ಹೇಳಿದವನು ಇದೇ ಧಣಿ. ವರ್ಷಾ ವರ್ಷಾ ಹೇಳುವವನೂ ಅವನೇ. ಆದರೆ ಇವತ್ತು ಅವನ ಪಕ್ಕದಲ್ಲಿ ಕೃಷಿ ಇಲಾಖೆಯ ಸಾಹೇಬರಿದ್ದರು, ಇಬ್ಬರು ಪೊಲೀಸರಿದ್ದರು. ಹಾಗಾಗಿ ಅವನಿಗೆ ಏನೂ ಗೊತ್ತಿರಲಿಲ್ಲ.

"ನೀವೇ ಹೇಳಿದ್ರಲ್ಲ ಧಣಿ, ಸೈರನ್ ಆದ್ಮೇಲೆ ಹಚ್ಚಿ ಅಂತ," ಅಂದ ನನ್ನ ಗಂಡ.

ಮಾತು ಮುಗಿಯುವ ಮೊದಲೇ ಮೇಸ್ತ್ರಿ ಅವನ ಕಪಾಳಕ್ಕೆ ಬಿಟ್ಟ. ಗಂಡನ ಮುಖದ ಮಸಿಯ ಮೇಲೆ ನಾಲ್ಕು ಬೆರಳು ಬೆಳ್ಳಗೆ ಮೂಡಿದವು.

"ಕೇಳಿದ್ರಾ ಸಾಹೇಬ್ರೇ, ಈ ಬೋಳಿಮಗನ ಮಾತು!" ಧಣಿ ಸಾಹೇಬರ ಕಡೆ ತಿರುಗಿದ. "ಹೊಗೆ ಬೇಡ್ರೋ, ಭೂಮಿ ಬಿಸಿಯಾಗ್ತಿದೆ, ನಾಳೆ ನಮ್ಮ ಮಕ್ಕಳಿಗೆ ಗಾಳಿ ಇರಲ್ಲ ಅಂತ ಬಾಯಿ ಬಡ್ಕೊಂಡೆ. ಇವಕ್ಕೆ ತಲೆಗೆ ಹೋದ್ರೆ ತಾನೆ?"

ಕೂಳೆ ಸುಡಬಾರದು ಅಂತ ಸರ್ಕಾರ ಕಾನೂನು ಮಾಡಿ ನಾಲ್ಕು ವರ್ಷ ಆಯಿತು. ಕಾನೂನು ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಹೊಗೆ ಕುಡಿಯುವವರು ನಾವು. ನನ್ನ ಅತ್ತೆ ಮೂರು ಮಾತಿಗೊಮ್ಮೆ ಕೆಮ್ಮುತ್ತಾಳೆ, ಗಂಡನ ಎದೆ ಮಲಗಿದರೆ ಗೊರಗೊರ ಅನ್ನುತ್ತದೆ. ಆದರೆ ಮೊದಲು ಕೊಯ್ಲಿಗೂ ಮುಂದಿನ ಬಿತ್ತನೆಗೂ ನಡುವೆ ನಲವತ್ತು ದಿನ ಸಿಗುತ್ತಿತ್ತು. ಈಗ ಮಳೆಗೆ ಹಿಂದು ಮುಂದು ಗೊತ್ತಿಲ್ಲ, ಯಾವಾಗ ಬೇಕಾದರೂ ಬಂದು ಯಾವಾಗ ಬೇಕಾದರೂ ಹೋಗುತ್ತದೆ. ಸಿಗುವುದು ಹನ್ನೆರಡು ದಿನ. ಅಷ್ಟರಲ್ಲಿ ಅಷ್ಟು ಹೊಲ ಹಸನಾಗಬೇಕಾದರೆ ಒಂದೋ ಬೆಂಕಿ ಬೇಕು, ಇಲ್ಲ ಯಂತ್ರ ಬೇಕು.

ಯಂತ್ರ ಇದೆ. ಕೂಳೆಯನ್ನು ಕೊಚ್ಚಿ ಮಣ್ಣಿಗೆ ಸೇರಿಸುವ ಕೆಂಪು ಯಂತ್ರ. ಅದನ್ನು ಸರ್ಕಾರ ಕೊಡುವುದು ಕೂಲಿಕಾರರ ಸಂಘಕ್ಕೆ ಮಾತ್ರ ಅಂತ ಗೊತ್ತಾದ ದಿನ ಧಣಿ ನಮ್ಮ ಹದಿನಾಲ್ಕು ಜನರನ್ನು ಕೂರಿಸಿ ಸಂಘ ಮಾಡಿದ, ಹೆಬ್ಬೆಟ್ಟು ಒತ್ತಿಸಿಕೊಂಡ. ಯಂತ್ರ ಬಂದು ನೇರ ಅವನ ಕೊಟ್ಟಿಗೆ ಸೇರಿತು. ಅಲ್ಲಿ ನೀಲಿ ತಾಡಪಾಲು ಹೊದ್ದು ಮಲಗಿದೆ, ಬಾಣಂತಿ ಮಲಗಿದ ಹಾಗೆ. ಅದಕ್ಕೆ ಡೀಸೆಲ್ ಹಾಕಬೇಕು. ಬೆಂಕಿಪೊಟ್ಟಣಕ್ಕೆ ಏನೂ ಹಾಕಬೇಕಾಗಿಲ್ಲ.

ಇನ್ನು ಕಣ್ಣಿನ ವಿಷಯ. ಆಕಾಶದಲ್ಲಿ ಒಂದು ಉಪಗ್ರಹ ದಿನಾ ಮಧ್ಯಾಹ್ನ ಒಂದೂವರೆಗೆ ನಮ್ಮ ತಲೆ ಮೇಲೆ ಹಾದುಹೋಗುತ್ತದಂತೆ. ಎಲ್ಲಿ ಬೆಂಕಿ ಇದೆಯೋ ಅಲ್ಲಿಗೊಂದು ಚುಕ್ಕೆ ಇಟ್ಟು ಇಲಾಖೆಗೆ ಕಳಿಸುತ್ತದಂತೆ. ಅದನ್ನು ತಿಳಿದುಕೊಂಡು ಬಂದವನೂ ಧಣಿಯೇ. ಎರಡು ಗಂಟೆಯ ಮೇಲೆ ಹಚ್ಚಿದರೆ ಕೇಳುವವರಿಲ್ಲ. ಹಾಗಾಗಿ ನಮ್ಮದು ಎರಡು ಗಂಟೆಯ ಬೆಂಕಿ. ಹೋದ ವರ್ಷ ಯಾರೋ ಬೆಂಕಿಯ ಫೋಟೊ ತೆಗೆದರು ಅಂತ ಮೇಸ್ತ್ರಿ ಹೊಲಕ್ಕೆ ಇಳಿಯುವ ಮೊದಲೇ ನಮ್ಮ ಫೋನುಗಳನ್ನೆಲ್ಲ ಬುಟ್ಟಿಗೆ ಹಾಕಿಸಿಕೊಳ್ಳುತ್ತಾನೆ. ಗಂಟೆ ಹೇಳಲು ನಮಗೆ ಉಳಿದದ್ದು ನದಿಯಾಚೆಯ ಗಿರಣಿಯ ಸೈರನ್ ಒಂದೇ. ಎರಡಕ್ಕೆ ಅದು ಕೂಗುತ್ತದೆ, ನನ್ನ ಗಂಡ ಕಡ್ಡಿ ಗೀರುತ್ತಾನೆ.

ಆವತ್ತು ಅದು ಒಂದು ಗಂಟೆಗೇ ಕೂಗಿತ್ತು. ಬಿಸಿಲಿಗೆ ಗಿರಣಿಯವರು ಕುಸಿದು ಬೀಳುತ್ತಿದ್ದಾರೆ ಅಂತ ಸರ್ಕಾರ ಪಾಳಿಯನ್ನು ಒಂದು ಗಂಟೆ ಮೊದಲೇ ಮುಗಿಸಿ ಅಂದಿತ್ತಂತೆ. ಗಿರಣಿಯವರಿಗೆ ಬಿಸಿಲು ತಾಗುತ್ತದೆ ಅಂತ ಸರ್ಕಾರಕ್ಕೆ ಗೊತ್ತಾಗಿತ್ತು. ನಮಗೆ ಯಾರೂ ಹೇಳಿರಲಿಲ್ಲ. ಅತ್ತೆ ಮಾತ್ರ ಬಗ್ಗಿ ತನ್ನ ನೆರಳು ನೋಡಿ, "ಇನ್ನೂ ಕಾಲ ಬುಡದಲ್ಲೇ ಇದೆಯಲ್ಲೇ," ಅಂದಿದ್ದಳು. "ಸೈರನ್ನಿಗಿಂತ ನಿನ್ನ ನೆರಳು ದೊಡ್ಡದಾ ಅತ್ತೆ?" ಅಂತ ನಾನು ನಕ್ಕಿದ್ದೆ. ಎಲ್ಲರೂ ನಕ್ಕರು, ಗಂಡನೂ ನಕ್ಕ, ಕಡ್ಡಿ ಗೀರಿದ. ಒಂದೂವರೆಗೆ ಮೇಲಿನ ಕಣ್ಣು ಹಾದುಹೋದಾಗ ಹೊಲ ಧಗಧಗ ಉರಿಯುತ್ತಿತ್ತು.

ಸಾಹೇಬರು ಪುಸ್ತಕ ತೆರೆದು, "ಈ ಹೊಲ ಉಳೋರು ಯಾರು?" ಅಂದರು.

"ಇವರೇ ಸ್ವಾಮಿ, ಪಾಲಿಗೆ ಮಾಡ್ತಾರೆ. ನಾನು ಕಾಗದಕ್ಕೆ ಮಾತ್ರ ಯಜಮಾನ," ಅಂದ ಧಣಿ.

ನೆರೆ ಪರಿಹಾರ ಬಂದಾಗ ಈ ಹೊಲದ ರೈತ ಅವನು. ಬೀಜ ಬಂದಾಗ, ಗೊಬ್ಬರ ಬಂದಾಗ ರೈತ ಅವನು. ನಾವು ಮೂರು ತಲೆಮಾರಿನಿಂದ ಉತ್ತರೂ ಸರ್ಕಾರದ ಪುಸ್ತಕದಲ್ಲಿ ರೈತರಾದದ್ದು ಅಂದೇ ಮೊದಲು.

ನಾನು ಸಾಹೇಬರ ಕಾಲಿಗೆ ಬಿದ್ದೆ. "ಅವರೊಬ್ರೇ ಹಚ್ಚಿದ್ದಲ್ಲ ಸ್ವಾಮಿ, ಹಚ್ಚು ಅಂದವರ ಹೆಸರೂ ಬರ್ಕೊಳ್ಳಿ."

ಸಾಹೇಬರು ಕೆಟ್ಟವರಲ್ಲ, ಎಳೆ ವಯಸ್ಸು. ಕಾಲು ಹಿಂದಕ್ಕೆ ಎಳೆದುಕೊಂಡು ಮೆಲ್ಲಗೆ ಹೇಳಿದರು: "ಏಳಮ್ಮ. ಮೇಲಿನ ಕಣ್ಣಿಗೆ ಯಾರ ಮುಖಾನೂ ಕಾಣಲ್ಲ. ಯಾವ ಹೊಲ ಅನ್ನೋದಷ್ಟೇ ಕಾಣುತ್ತೆ. ಆ ಹೊಲ ಯಾರು ಉಳ್ತಾರೋ ಅವರ ಮೇಲೆ ಕೇಸು. ನನ್ನ ಕೈಲಿ ಏನಿಲ್ಲ."

ಗಂಡನನ್ನು ಜೀಪಿನ ಹಿಂದೆ ಕೂರಿಸಿದರು. ಅವನು ಕೆಮ್ಮುತ್ತಲೇ ಹೋದ.

*

ಮಾರನೆಯ ಬೆಳಿಗ್ಗೆ ನಾನೂ ಅತ್ತೆಯೂ ಧಣಿಯ ಅಂಗಳದಲ್ಲಿ ಚಪ್ಪಲಿ ಬಿಟ್ಟು ನಿಂತೆವು. ಅವನು ಜಗುಲಿಯ ಕುರ್ಚಿಯಲ್ಲಿ ಕೂತು ಬಿಸಿನೀರಿನ ತೊಟ್ಟಿಯಲ್ಲಿ ಕಾಲು ಇಳಿಬಿಟ್ಟಿದ್ದ. ಅರ್ಧ ಗಂಟೆ ನಮ್ಮ ಕಡೆ ನೋಡಲಿಲ್ಲ. ಆಮೇಲೆ ಅತ್ತೆಗೆ, "ಏ ಮುದುಕಿ, ಆ ಟವಲ್ ಕೊಡು," ಅಂದ. ಅತ್ತೆ ಕೊಟ್ಟಳು. "ಒರೆಸು," ಅಂದ. ಅತ್ತೆ ಕೂತು ಒರೆಸಿದಳು. ಅವಳು ಅವನಿಗಿಂತ ಇಪ್ಪತ್ತು ವರ್ಷ ದೊಡ್ಡವಳು. ಅವನು ಹುಟ್ಟಿದಾಗ ನೀರೆರೆದವಳು.

"ನಿನ್ನ ಮಗ ಬರ್ಬೇಕು ತಾನೆ? ನಾನು ಒಂದು ಮಾತು ಹೇಳಿದ್ರೆ ಸಂಜೆಗೆ ಬರ್ತಾನೆ. ಆದ್ರೆ ಬೆಂಕಿ ಹಾಕಿದೋರ ಕೈಲಿ ಮತ್ತೆ ಹೊಲ ಕೊಟ್ರೆ ಸರ್ಕಾರ ನನ್ನ ಸುಮ್ನೆ ಬಿಡುತ್ತಾ? ಆ ನದಿ ದಂಡೆ ಪಟ್ಟಿ ಬಿಟ್ಟುಕೊಡಿ."

ನಾವು ಪಾಲಿಗೆ ಉಳುವ ಆ ಹೊಲದ ಪಟ್ಟಿ ನಮ್ಮ ಜೀವ. ಮಾವ ತಲೆಯ ಮೇಲೆ ಕಲ್ಲು ಹೊತ್ತು ಅದಕ್ಕೆ ಒಡ್ಡು ಕಟ್ಟಿದ್ದ. ಅದು ಇರುವುದರಿಂದ ನಾವು ವರ್ಷಕ್ಕೆ ಎಂಟು ತಿಂಗಳು ಯಾರ ಬಾಗಿಲಿಗೂ ಹೋಗದೆ ಉಣ್ಣುತ್ತೇವೆ.

"ಅದನ್ನ ಯಾರಿಗೆ ಕೊಡ್ತೀರಿ ಧಣಿ?" ಅಂದಳು ಅತ್ತೆ.

"ಯಾರಿಗೂ ಇಲ್ಲ. ಮರ ನೆಡ್ತೀನಿ. ಈಗ ಮರ ನೆಟ್ರೆ ಸರ್ಕಾರ ಕೊಡುತ್ತೆ. ಮರ ಕೆಮ್ಮಲ್ಲ, ಪಾಲು ಕೇಳಲ್ಲ."

ಮೇಸ್ತ್ರಿ ಕಾಗದ ತಂದ. ಶಾಯಿಯ ಡಬ್ಬಿ ಒಣಗಿಹೋಗಿತ್ತು. ಅವನು ಅತ್ತೆಯ ಕೈ ಹಿಡಿದು ಮಗುಚಿ ನೋಡಿ ನಕ್ಕ. "ಶಾಯಿ ಯಾಕೆ ಧಣಿ, ಇವಳ ಬೆರಳಲ್ಲೇ ಬೇಕಾದಷ್ಟು ಮಸಿ ಇದೆ." ಹೆಬ್ಬೆರಳಿಗೆ ಒಂದು ಹನಿ ನೀರು ತಾಗಿಸಿ ಒತ್ತಿದ. ಹೊಲದ ಮಸಿ ಕಾಗದದ ಮೇಲೆ ಚೆನ್ನಾಗಿಯೇ ಕೂತಿತು. ನಾನು ತಡೆಯಬೇಕಾಗಿತ್ತು, ತಡೆಯಲಿಲ್ಲ. ಗಂಡ ಸಂಜೆಗೆ ಬರುತ್ತಾನೆ ಅನ್ನುವುದೊಂದೇ ನನ್ನ ತಲೆಯಲ್ಲಿತ್ತು.

ಸಂಜೆ ಅವನು ಬರಲಿಲ್ಲ. ಮರುದಿನವೂ ಬರಲಿಲ್ಲ.

ಐದನೆಯ ದಿನ ಬುತ್ತಿ ಕಟ್ಟಿಕೊಂಡು ಠಾಣೆಗೆ ಹೋದೆ. ಬಾಗಿಲ ಪೊಲೀಸು ಬುತ್ತಿ ಬಿಚ್ಚಿ, ಮೂಸಿ, ಒಳಗೆ ಬಿಟ್ಟ. ಗಂಡ ಗೋಡೆಗೆ ಒರಗಿ ಕೂತಿದ್ದ. ಐದು ದಿನಕ್ಕೆ ಅರ್ಧ ಆಗಿದ್ದ. ಕೆಮ್ಮಿದರೆ ಕೈಗೆ ರಕ್ತ ಬರುತ್ತಿತ್ತು, ಅದನ್ನು ಗೋಡೆಗೆ ಒರೆಸಿ ನನಗೆ ಕಾಣದ ಹಾಗೆ ಅಡ್ಡ ಕೂತ.

"ಪಟ್ಟಿ ಉಳೀತೇನೇ?" ಅಂದ.

"ಉಳೀತು," ಅಂದೆ.

"ಹಂಗಾದ್ರೆ ಸರಿ ಬಿಡು. ಒಡ್ಡಿನ ಎಡಗಡೆ ಇಲಿ ತೋಡಿದೆ. ಮಳೆಗೆ ಮುಂಚೆ ಮುಚ್ಚು."

"ಹ್ಞೂಂ," ಅಂದೆ.

ಹೊರಗೆ ಬಂದು ಪೊಲೀಸಿನವನನ್ನು ಕೇಳಿದೆ, "ಧಣಿ ಹೇಳ್ತೀನಿ ಅಂದಿದ್ರು, ಹೇಳಿಲ್ವಾ ಸ್ವಾಮಿ?"

"ಹೇಳಿದ್ದಾರೆ ಕಣಮ್ಮ. ದೊಡ್ಡ ಸಾಹೇಬ್ರು ಬಂದು ಧಣಿಗೆ ಪ್ರಶಸ್ತಿ ಕೊಡೋವರೆಗೂ ಇವನನ್ನ ಇಲ್ಲೇ ಇಟ್ಕೊಳ್ಳಿ ಅಂತ ಹೇಳಿದ್ದಾರೆ. ಸುಟ್ಟೋನು ಯಾರು ಅಂದ್ರೆ ಒಬ್ಬನ್ನ ತೋರಿಸ್ಬೇಕಲ್ಲ? ಅದಾದ್ಮೇಲೆ ಇವನು ದೊಡ್ಡ ಜೈಲಿಗೆ."

ಮನೆಗೆ ಬಂದು ಅತ್ತೆಗೆ ಅಷ್ಟನ್ನೂ ಹೇಳಿದೆ, ರಕ್ತದ್ದೂ ಹೇಳಿದೆ. ಅವಳು ಅಳಲಿಲ್ಲ. ಒಲೆಯ ಮುಂದೆ ಕೂತು ತನ್ನ ಹೆಬ್ಬೆರಳನ್ನು ಬೂದಿ ಹಚ್ಚಿ ತಿಕ್ಕಿದಳು, ತಿಕ್ಕುತ್ತಲೇ ಇದ್ದಳು, ಚರ್ಮ ಕಿತ್ತುಬರುವವರೆಗೂ.

*

ಪ್ರಶಸ್ತಿಯ ದಿನ ಬಂತು. 'ಹೊಗೆಯಿಲ್ಲದ ಹೊಲ' ಅಂತ ಅದರ ಹೆಸರು. ಧಣಿಯ ಮನೆಯ ಮುಂದಿನ ಹೊಲವೇ ಮಾದರಿ ಹೊಲ. ಅಲ್ಲಿ ಮಣ್ಣು ಕಾಣದ ಹಾಗೆ ಹುಲ್ಲು ಹರಡಬೇಕು, ತೇವ ಉಳಿಯುತ್ತದೆ ಅಂತ ತೋರಿಸಬೇಕು. ಮೂರು ದಿನ ನಾವು ಹಿಂದಿನ ಹೊಲಗಳಿಂದ ಹುಲ್ಲು ಹೊತ್ತು ತಂದು ಮೊಣಕಾಲಷ್ಟು ಹಾಕಿದ್ದೆವು. ನಾನು ಒಂದು ಬುಟ್ಟಿಯನ್ನೂ ಕಡಿಮೆ ಹೊರಲಿಲ್ಲ. ಮೇಸ್ತ್ರಿ ಕೂಡ, "ಗಂಡ ಇಲ್ದಿದ್ರೆ ಇವಳಿಗೆ ಮೈಯಲ್ಲಿ ಕಸುವು ನೋಡು," ಅಂದ. ಹೊಲದ ಆ ತುದಿಯಲ್ಲಿ ನಮ್ಮ ಯಂತ್ರವನ್ನು ತೊಳೆದು ಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಕೂಳೆ ಕೊಚ್ಚದೆಯೇ ಮುದಿಯಾದ ಯಂತ್ರ.

ರಸ್ತೆಯ ಪಕ್ಕ ಶಾಮಿಯಾನ, ಕುರ್ಚಿ, ಫ್ಯಾನು. ನಮಗೆ ತಲಾ ಒಂದು ಹಸಿರು ಹಲಗೆ ಕೊಟ್ಟು ಬಿಸಿಲಲ್ಲಿ ಬದುವಿನ ಉದ್ದಕ್ಕೆ ನಿಲ್ಲಿಸಿದರು. ದೊಡ್ಡ ಸಾಹೇಬರು ಬರಬೇಕಾದದ್ದು ಹತ್ತಕ್ಕೆ, ಬಂದದ್ದು ಹನ್ನೆರಡೂವರೆಗೆ. ಅಷ್ಟರಲ್ಲಿ ನಮ್ಮಲ್ಲಿ ಇಬ್ಬರು ತಲೆ ತಿರುಗಿ ಕೂತಿದ್ದರು. ಮೇಸ್ತ್ರಿ ಅವರನ್ನು ಕಾಲಿಂದ ತಿವಿದು ಎಬ್ಬಿಸಿದ.

ಮೈಕಿನಲ್ಲಿ ಯಾರೋ ಓದಿದರು: "ಈ ಹೊಲವನ್ನು ಬೇರೆ ಯಾರಿಗೂ ಪಾಲಿಗೆ ಕೊಡದೆ, ಸ್ವತಃ ತಮ್ಮ ಕೈಯಾರೆ ಉತ್ತು ಬಿತ್ತುವ, ಭೂಮಿಯನ್ನು ತಾಯಿಯಂತೆ ಕಾಪಾಡುವ ರೈತ..."

ಧಣಿ ಎದ್ದು ಕೈ ಮುಗಿದ. ಆ ಕೈಯಲ್ಲಿ ಒಂದು ಗುಳ್ಳೆ ಇರಲಿಲ್ಲ. ಚಪ್ಪಾಳೆ ಬಿತ್ತು.

ನಾನು ಅತ್ತೆಯ ಮುಖ ನೋಡಿದೆ. ಅವಳೂ ಅದನ್ನು ಕೇಳಿಸಿಕೊಂಡಿದ್ದಳು. "ಅವನೇ ಹೇಳ್ಸಿದ್ನಲ್ಲೇ, ಮೈಕಿನಲ್ಲಿ," ಅಂದಳು ಮೆಲ್ಲಗೆ. "ಇದನ್ನ ಉಳೋನು ಅವನೇ ಅಂತೆ."

"ನಿನ್ನ ಮಗ ಒಳಗಿದ್ದಾನೆ ಅತ್ತೆ. ಈಗ ಹೊಗೆ ಎದ್ರೆ ಅವನ ಹೆಸರು ಬರೆಯೋಕಾಗಲ್ಲ."

"ನಿನ್ನ ಹಿಡೀತಾರೆ."

"ಗೊತ್ತು."

"ನನ್ನೂ ಹಿಡೀಲಿ. ಒಳಗೆ ಹೋದ್ರೆ ಮಗನಾದ್ರೂ ಇದ್ದಾನೆ. ಹೊರಗೆ ಏನಿದೆ, ಧಣಿ ಮರ?"

ಅಂದು ಗಂಡನ ಹೆಸರು ಬರೆದುಕೊಂಡ ಎಳೆಯ ಸಾಹೇಬರು ಶಾಮಿಯಾನದ ಅಂಚಿನಲ್ಲಿ ನಿಂತಿದ್ದರು. ಹತ್ತಿರ ಹೋಗಿ, "ಸ್ವಾಮಿ, ಗಂಟೆ ಎಷ್ಟು?" ಅಂದೆ.

ಅವರು ಕೈಗಡಿಯಾರ ನೋಡಿದರು. "ಒಂದು ಇಪ್ಪತ್ತು. ಯಾಕಮ್ಮ?"

"ಸೈರನ್ ನಂಬೋ ಹಾಗಿಲ್ಲ ಸ್ವಾಮಿ, ಅದಕ್ಕೆ."

ಅವರು ಪಾಪ, ಸುಮ್ಮನೆ ತಲೆಯಾಡಿಸಿದರು.

ಅತ್ತೆ ಸೆರಗಿನ ತುದಿಯಿಂದ ಒಂದು ಚಿಟಿಕೆ ಹೊಟ್ಟು ತೆಗೆದು ಗಾಳಿಗೆ ಬಿಟ್ಟಳು. ಅವಳು ಹೊಟ್ಟು ಬಿಡದೆ ನಮ್ಮ ಮನೆಯವರು ಎಂದೂ ಕಡ್ಡಿ ಗೀರಿದವರಲ್ಲ. ಹೊಟ್ಟು ರಸ್ತೆಗೆ ಬೆನ್ನು ಹಾಕಿ ಹೊಲದ ಒಳಕ್ಕೆ ಹಾರಿತು. "ಜನರ ಕಡೆ ಬರಲ್ಲ. ಯಂತ್ರದ ಕಡೆ ಹೋಗುತ್ತೆ. ಹಚ್ಚು," ಅಂದಳು.

ಹಸಿರು ಹಲಗೆಯನ್ನು ಹುಲ್ಲಿನ ಮೇಲೆ ಬೋರಲು ಹಾಕಿ, ಅದರ ಮರೆಯಲ್ಲಿ ಕೂತು ಗಂಡನ ಬೆಂಕಿಪೊಟ್ಟಣ ತೆಗೆದೆ. ಮೊದಲ ಕಡ್ಡಿಗೇ ಹತ್ತಿಕೊಂಡಿತು. ಮೂರು ದಿನದ ಒಣಹುಲ್ಲು, ಮೇಲೆ ಅಷ್ಟು ಬಿಸಿಲು. ಬೆಂಕಿ ಬದುವಿನಿಂದ ಬದುವಿಗೆ ಓಡಿತು. ಹೊಗೆ ಎದ್ದು ನಿಂತಿತು, ದಪ್ಪಗೆ, ಬೂದು ಬಣ್ಣಕ್ಕೆ, ಅಷ್ಟೆತ್ತರಕ್ಕೆ.

ಕುರ್ಚಿಗಳು ಉರುಳಿದವು. ದೊಡ್ಡ ಸಾಹೇಬರು ಮೂಗಿಗೆ ಕರ್ಚೀಫು ಹಿಡಿದು ಕಾರಿನ ಕಡೆ ಓಡಿದರು. ಅವರು ಹೊಗೆ ಕುಡಿದದ್ದು ಅದೇ ಮೊದಲು ಅಂತ ಕಾಣುತ್ತದೆ. ಯಂತ್ರದ ಹೂವಿನ ಹಾರ ಮೊದಲು ಉರಿಯಿತು, ಆಮೇಲೆ ಟೈರು. ನಮ್ಮ ಹೆಬ್ಬೆಟ್ಟಿನ ಯಂತ್ರ ಅವತ್ತೊಂದು ದಿನ ನಮ್ಮ ಕೆಲಸಕ್ಕೆ ಬಂತು.

"ಯಾವ ಸೂಳೆಮಗನೋ ಹಚ್ಚಿದ್ದು!" ಧಣಿ ಪ್ರಶಸ್ತಿಯ ಶಾಲು ಹೊದ್ದುಕೊಂಡೇ ಬದುವಿನ ಮೇಲೆ ಬಂದ.

"ನಾನು," ಅಂದೆ. ಮುಂದೆ ಬಂದು ನಿಂತೆ.

ಮೇಸ್ತ್ರಿಯ ಏಟು ಕಿವಿಯ ಮೇಲೆ ಬಿತ್ತು. ಕೆಳಗೆ ಬಿದ್ದೆ, ಎದ್ದೆ. ಮತ್ತೆ ಹೊಡೆದ. ಇಬ್ಬರು ಪೊಲೀಸರು ನನ್ನ ರಟ್ಟೆ ಹಿಡಿದುಕೊಂಡರು. ಬಾಯಲ್ಲಿ ಉಪ್ಪುಪ್ಪು ರಕ್ತ. ಅಳು ಬಂತು. ಭಯಕ್ಕೂ ಅಳು, ಗಂಡನ ಎದೆಯ ಗೊರಗೊರ ನೆನೆದೂ ಅಳು. ಆದರೂ ಕತ್ತೆತ್ತಿ ಮೇಲೆ ನೋಡಿದೆ. ಅಲ್ಲಿ ಏನೂ ಕಾಣಲಿಲ್ಲ. ಬರೀ ಬಿಸಿಲು.

"ಏನ್ರೋ ನೋಡ್ತಾ ನಿಂತಿದ್ದೀರಾ! ನೀರು ತನ್ರೋ! ಆರಿಸ್ರೋ!"

ಬದುವಿನ ಮೇಲೆ ನಮ್ಮವರು ಹಲಗೆ ಹಿಡಿದು ನಿಂತಿದ್ದರು. ಯಾರೂ ಕದಲಲಿಲ್ಲ.

ಅತ್ತೆ ಕೆಮ್ಮಿದಳು. ಬಗ್ಗಿ ತನ್ನ ನೆರಳು ನೋಡಿದಳು.

"ಮೇಲಿನ ಕಣ್ಣಿಗೆ ಇನ್ನೂ ಐದು ನಿಮಿಷ ಬೇಕು ಧಣಿ," ಅಂದಳು. "ಉರೀಲಿ."